ಮಾದಕ ವಸ್ತು ಕಾಯ್ದೆ: ತಕ್ಕಡಿಗೆ ಸಿಗದ ಸಂಗತಿಗಳು

ಮಾದಕ ವಸ್ತು ಮಾರಾಟದ ಜಾಲವೊಂದು ಪತ್ತೆಯಾದಾಗಲೆಲ್ಲ ನಮ್ಮಲ್ಲಿ ನಡೆಯುವ ಚರ್ಚೆ ಒಂದೇ ಜಾಡಿನಲ್ಲಿ ಸಾಗುತ್ತದೆ. ವಶಪಡಿಸಿಕೊಂಡ ಪೊಟ್ಟಣಗಳನ್ನು ಪೊಲೀಸರು ಮೇಜಿನ ಮೇಲೆ ಜೋಡಿಸಿಡುತ್ತಾರೆ. ಅದರ ತೂಕ ಇಷ್ಟು, ಬೆಲೆ ಇಷ್ಟು ಕೋಟಿ ಎಂಬ ವಿವರ ಪತ್ರಿಕೆಗಳಲ್ಲಿ ಬರುತ್ತದೆ. ಮರುದಿನವೇ ಕಾನೂನನ್ನು ಇನ್ನಷ್ಟು ಬಿಗಿಗೊಳಿಸಬೇಕು, ಅಪರಾಧಿಗಳಿಗೆ ಜಾಮೀನೇ ಸಿಗಬಾರದು, ಗಲ್ಲು ಶಿಕ್ಷೆಯಾಗಬೇಕು ಎಂಬ ಒತ್ತಾಯ ವಿಧಾನಸೌಧದಿಂದ ಹಿಡಿದು ಬಡಾವಣೆಯ ನಿವಾಸಿಗಳ ಸಂಘದವರೆಗೆ ಎಲ್ಲೆಡೆ ಕೇಳಿಬರುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿರುವ ತಂದೆತಾಯಂದಿರ ಆತಂಕ ಈ ಒತ್ತಾಯದ ಹಿಂದಿದೆ. ಆ ಆತಂಕ ಹುಸಿಯಲ್ಲ. ಆದರೆ ಅವರು ಬೇಡುತ್ತಿರುವ ಕಠಿಣ ಕಾನೂನು ನಮ್ಮಲ್ಲಿ ಈಗಾಗಲೇ ಇದೆ. ಅದು ಜಾರಿಗೆ ಬಂದು ನಾಲ್ಕು ದಶಕಗಳಾಗಿವೆ. ಹೀಗಿದ್ದೂ ಆತಂಕ ಏಕೆ ಕಡಿಮೆಯಾಗಿಲ್ಲ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿಲ್ಲ.

'ಎನ್‌ಡಿಪಿಎಸ್ ಕಾಯ್ದೆ' ಎಂದು ಕರೆಯಲಾಗುವ ಮಾದಕ ದ್ರವ್ಯ ಮತ್ತು ಅಮಲು ಪದಾರ್ಥಗಳ ಕಾಯ್ದೆಗೆ ಸಂಸತ್ತು 1985ರಲ್ಲಿ ಒಪ್ಪಿಗೆ ನೀಡಿತು. ಅದೇ ವರ್ಷದ ನವೆಂಬರ್ 14ರಂದು ಅದು ಜಾರಿಗೆ ಬಂತು. ಅಲ್ಲಿಯವರೆಗೆ ಅಫೀಮು, ಗಾಂಜಾಗಳ ನಿಯಂತ್ರಣ ನಡೆಯುತ್ತಿದ್ದದ್ದು 1857 ಮತ್ತು 1878ರ ಅಫೀಮು ಕಾಯ್ದೆಗಳು, 1930ರ ಅಪಾಯಕಾರಿ ದ್ರವ್ಯಗಳ ಕಾಯ್ದೆ ಹಾಗೂ ರಾಜ್ಯಗಳ ಅಬಕಾರಿ ನಿಯಮಗಳ ಅಡಿಯಲ್ಲಿ. ಇವುಗಳ ಶಿಕ್ಷೆ ಲಘುವಾಗಿತ್ತು. ಕಳ್ಳಸಾಗಣೆ ಅಂತರರಾಷ್ಟ್ರೀಯ ಸ್ವರೂಪ ಪಡೆದಿರುವುದರಿಂದ ಈ ಹಳೆಯ ಕಾನೂನುಗಳು ಸಾಲವು ಎಂಬ ವಾದದೊಂದಿಗೆ ಹೊಸ ಕಾಯ್ದೆ ಬಂತು. 1961ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು, ಗಾಂಜಾದ ಸಾಂಪ್ರದಾಯಿಕ ಬಳಕೆಯನ್ನು ನಿಲ್ಲಿಸಲು ಆ ಒಡಂಬಡಿಕೆ ನೀಡಿದ್ದ 25 ವರ್ಷಗಳ ಕಾಲಾವಕಾಶ ಮುಗಿಯುತ್ತ ಬಂದದ್ದು ಇನ್ನೊಂದು ಕಾರಣ.

ಇದಕ್ಕೂ ತೊಂಬತ್ತು ವರ್ಷ ಮೊದಲು, ಬ್ರಿಟಿಷ್ ಸರ್ಕಾರ ಇದೇ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿತ್ತೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 1893–94ರ ಭಾರತೀಯ ಹೆಂಪ್ ಡ್ರಗ್ಸ್ ಆಯೋಗ ದೇಶದ ಉದ್ದಗಲ ಸಂಚರಿಸಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆಯಿತು. ಮಿತಬಳಕೆಯಿಂದ ಸಮಾಜಕ್ಕೆ ದೊಡ್ಡ ಹಾನಿಯಿಲ್ಲ, ಅತಿಬಳಕೆಯಿಂದ ಹಾನಿಯುಂಟು, ಆದರೂ ಸಂಪೂರ್ಣ ನಿಷೇಧ ಸರಿಯಾದ ದಾರಿಯಲ್ಲ, ಪರವಾನಗಿ ಮತ್ತು ತೆರಿಗೆಯ ಮೂಲಕ ನಿಯಂತ್ರಿಸುವುದು ಮೇಲು ಎಂಬುದು ಅದರ ನಿಲುವಾಗಿತ್ತು. ಉತ್ತರ ಕರ್ನಾಟಕದ ಕೆಲವು ಜಾತ್ರೆಗಳಲ್ಲಿ, ಆರೂಢ–ಅವಧೂತ ಪರಂಪರೆಯ ಕೆಲವು ನೆಲೆಗಳಲ್ಲಿ ಗಾಂಜಾ ಸೇವನೆ ರೂಢಿಯಲ್ಲಿದ್ದುದನ್ನು ಬಲ್ಲವರಿಗೆ ಈ ನಿಲುವು ಅಚ್ಚರಿ ತರಲಾರದು. 1985ರ ಕಾಯ್ದೆಯೂ ಭಂಗಿಯ ಎಲೆಯನ್ನು ನಿಷೇಧದಿಂದ ಹೊರಗಿಟ್ಟು ಹೂವು ಮತ್ತು ಅಂಟನ್ನಷ್ಟೇ ಒಳಗೆ ತಂದಿತು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಅರ್ಜಿಯೊಂದನ್ನು ತೀರ್ಮಾನಿಸುವಾಗ ಭಂಗಿ ಈ ಕಾಯ್ದೆಯ ನಿಷೇಧಿತ ಪಟ್ಟಿಯಲ್ಲಿಲ್ಲ ಎಂಬುದನ್ನು ಗುರುತಿಸಿತ್ತು. ಒಂದೇ ಗಿಡದ ಎಲೆ ಕಾನೂನುಬದ್ಧ, ತುದಿಯ ಹೂವು ಹಲವು ವರ್ಷಗಳ ಸೆರೆವಾಸಕ್ಕೆ ಕಾರಣ!

ಕಾಯ್ದೆ ಬಂದ ನಾಲ್ಕೇ ವರ್ಷಕ್ಕೆ, 1989ರಲ್ಲಿ, ಅದನ್ನು ಇನ್ನೂ ಬಿಗಿಗೊಳಿಸಲಾಯಿತು. ಜಾಮೀನು ಸಿಗುವುದು ದುಸ್ತರವಾಯಿತು. ದೊಡ್ಡ ಪ್ರಮಾಣದ ಸಾಗಣೆಯಲ್ಲಿ ಎರಡನೇ ಬಾರಿ ತಪ್ಪಿತಸ್ಥನಾದವನಿಗೆ ಮರಣದಂಡನೆ ಕಡ್ಡಾಯವಾಯಿತು. ಆಗಿನ ನಿಯಮದಂತೆ ಸ್ವಂತ ಬಳಕೆಗೆ ಇಟ್ಟುಕೊಂಡ ಅತ್ಯಲ್ಪ ಪ್ರಮಾಣವನ್ನು ಬಿಟ್ಟರೆ ಉಳಿದ ಬಹುತೇಕ ಪ್ರಕರಣಗಳಲ್ಲಿ ಕನಿಷ್ಠ ಶಿಕ್ಷೆ ಹತ್ತು ವರ್ಷ. ಕೆಲವೇ ಗ್ರಾಂ ಹೊಂದಿದ್ದವನೂ ಕ್ವಿಂಟಲ್‌ಗಟ್ಟಲೆ ಸಾಗಿಸಿದವನೂ ಒಂದೇ ಶಿಕ್ಷೆ ಅನುಭವಿಸುವ ಈ ಅಸಂಬದ್ಧವನ್ನು ಸರಿಪಡಿಸಲು 2001ರಲ್ಲಿ ತಿದ್ದುಪಡಿ ಬಂತು. ಅಂದಿನಿಂದ ಶಿಕ್ಷೆಯನ್ನು ತಕ್ಕಡಿ ನಿರ್ಧರಿಸುತ್ತದೆ. ಗಾಂಜಾ 1 ಕಿಲೋಗಿಂತ ಕಡಿಮೆಯಿದ್ದರೆ 'ಅಲ್ಪ ಪ್ರಮಾಣ'. 20 ಕಿಲೋ ದಾಟಿದರೆ 'ವಾಣಿಜ್ಯ ಪ್ರಮಾಣ'. ಹೆರಾಯಿನ್‌ಗೆ ಈ ಗೆರೆಗಳು 5 ಗ್ರಾಂ ಮತ್ತು 250 ಗ್ರಾಂ. ಪಾರ್ಟಿಗಳಲ್ಲಿ ಬಳಕೆಯಾಗುವ ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಅಲ್ಪ ಪ್ರಮಾಣಕ್ಕೆ ಈಗ ಗರಿಷ್ಠ ಒಂದು ವರ್ಷ, ಮಧ್ಯಮ ಪ್ರಮಾಣಕ್ಕೆ ಗರಿಷ್ಠ ಹತ್ತು ವರ್ಷ, ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತರಿಂದ ಗರಿಷ್ಠ ಇಪ್ಪತ್ತು ವರ್ಷ ಸಜೆ.

ಹಿಂದಿನದಕ್ಕೆ ಹೋಲಿಸಿದರೆ ಇದು ಸುಧಾರಣೆಯೇ ಸರಿ. ಆದರೆ ತಕ್ಕಡಿ ವಸ್ತುವನ್ನು ತೂಗುತ್ತದೆಯೇ ಹೊರತು ಅದನ್ನು ಹಿಡಿದ ಕೈ ಯಾರದೆಂಬುದನ್ನು ಹೇಳುವುದಿಲ್ಲ. ರೈಲಿನಲ್ಲಿ ಚೀಲ ಸಾಗಿಸಲು ಕೆಲವು ಸಾವಿರ ರೂಪಾಯಿಗೆ ಒಪ್ಪಿಕೊಂಡ ಕೂಲಿಯವನ ಬಳಿ 21 ಕಿಲೋ ಗಾಂಜಾ ಸಿಕ್ಕರೆ ಅವನು ಕನಿಷ್ಠ ಹತ್ತು ವರ್ಷದ ಆರೋಪಿ. ಆ ಚೀಲದ ಒಡೆಯ ತನ್ನ ಬಳಿ ಏನನ್ನೂ ಇಟ್ಟುಕೊಂಡಿರುವುದಿಲ್ಲ. ಹಾಗಾಗಿ ತಕ್ಕಡಿಯ ಮುಂದೆ ಅವನು ನಿರಪರಾಧಿ. ಇನ್ನೊಂದು ತೊಡಕೂ ಇದೆ. ಬೀದಿಯಲ್ಲಿ ಸಿಗುವ ಹೆರಾಯಿನ್ ಶುದ್ಧವಾಗಿರುವುದಿಲ್ಲ, ಅದಕ್ಕೆ ಬೇರೆ ಪುಡಿಗಳನ್ನು ಬೆರೆಸಿರುತ್ತಾರೆ. ಶುದ್ಧ ದ್ರವ್ಯದ ತೂಕವನ್ನಷ್ಟೇ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತ್ತು. 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿ, ಮಿಶ್ರಣದ ಒಟ್ಟು ತೂಕವೇ ಲೆಕ್ಕಕ್ಕೆ ಬರುತ್ತದೆ ಎಂದಿತು. ಹಾಗಾಗಿ ಹತ್ತು ಗ್ರಾಂ ಹೆರಾಯಿನ್‌ಗೆ 245 ಗ್ರಾಂ ಗ್ಲೂಕೋಸ್ ಬೆರೆತಿದ್ದರೆ ಅದು ವಾಣಿಜ್ಯ ಪ್ರಮಾಣ. ಬೆರಕೆ ಮಾಡಿದವನು ದೊಡ್ಡ ವ್ಯಾಪಾರಿ, ಆ ಬೆರಕೆಯ ತೂಕಕ್ಕೆ ಸಜೆ ಅನುಭವಿಸುವವನು ಕೊನೆಯ ಕೈ.

ಶಿಕ್ಷೆಯ ಮಾತು ಹಾಗಿರಲಿ, ವಿಚಾರಣೆ ಮುಗಿಯುವ ಮೊದಲೇ ಅನುಭವಿಸುವ ಸೆರೆವಾಸ ಇನ್ನೊಂದು ಶಿಕ್ಷೆ. ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣಗಳಿವೆ, ಜಾಮೀನಿನ ಮೇಲಿರುವಾಗ ಅವನು ಅಪರಾಧ ಎಸಗಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಮಾತ್ರ ಜಾಮೀನು ಎನ್ನುತ್ತದೆ ಕಾಯ್ದೆಯ 37ನೇ ಸೆಕ್ಷನ್. ಸಾಕ್ಷಿಗಳ ವಿಚಾರಣೆಯೇ ಆರಂಭವಾಗದಿರುವಾಗ ತಾನು ನಿರಪರಾಧಿ ಎಂದು ಯಾರಾದರೂ ತೋರಿಸಿಕೊಡುವುದು ಹೇಗೆ? ದೋಷಾರೋಪ ಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನಗಳ ಅವಕಾಶವಿದೆ, ನ್ಯಾಯಾಲಯ ಒಪ್ಪಿದರೆ ಅದು ಒಂದು ವರ್ಷಕ್ಕೆ ವಿಸ್ತರಿಸುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದ ವರದಿಗೆ ಕಾಯಬೇಕು, ಪಂಚರು ಬರಬೇಕು, ವರ್ಗವಾಗಿ ಹೋದ ಅಧಿಕಾರಿ ಸಾಕ್ಷಿ ಹೇಳಬೇಕು. ಹೀಗೆ ವರ್ಷಗಟ್ಟಲೆ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಬಗ್ಗೆ ಸುಪ್ರೀಂ ಕೋರ್ಟ್ 1994ರಲ್ಲೇ ಕಳವಳ ವ್ಯಕ್ತಪಡಿಸಿ, ಹತ್ತು ವರ್ಷ ಕನಿಷ್ಠ ಸಜೆಯ ಪ್ರಕರಣದಲ್ಲಿ ಐದು ವರ್ಷ ಕಳೆದವರಿಗೆ ಜಾಮೀನು ನೀಡಲು ಸೂಚಿಸಿತ್ತು. ವಿಚಾರಣೆಯ ವಿಳಂಬ ಜಾಮೀನಿಗೆ ಆಧಾರವಾಗಬಲ್ಲದು ಎಂಬುದನ್ನು 2023ರಲ್ಲಿ ಅದು ಮತ್ತೊಮ್ಮೆ ಹೇಳಬೇಕಾಯಿತು.

ಹೆಸರುವಾಸಿಗಳ ಪ್ರಕರಣಗಳಲ್ಲಿ ಇದರ ಒಂದು ಮುಖವನ್ನು ನಾವೆಲ್ಲ ನೋಡಿದ್ದೇವೆ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕನ್ನಡ ಚಿತ್ರರಂಗದ ಇಬ್ಬರು ನಟಿಯರ ಬಂಧನವಾಯಿತು. ವಾರಗಟ್ಟಲೆ ದೂರದರ್ಶನ ವಾಹಿನಿಗಳಲ್ಲಿ ವಿಚಾರಣೆ ನಡೆದು ತೀರ್ಪೂ ಬಂದುಹೋಯಿತು. ಒಬ್ಬರಿಗೆ ಹೈಕೋರ್ಟ್‌ನಲ್ಲಿ, ಇನ್ನೊಬ್ಬರಿಗೆ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಜಾಮೀನು ಸಿಗುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು. ನಂತರದ ವರ್ಷಗಳಲ್ಲಿ ಹೈಕೋರ್ಟ್ ಅವರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿತು. ಮುಂಬೈಯಲ್ಲಿ 2021ರ ಅಕ್ಟೋಬರ್‌ನಲ್ಲಿ ಹಿಂದಿ ಚಿತ್ರನಟರೊಬ್ಬರ ಮಗನನ್ನು ಬಂಧಿಸಲಾಯಿತು. ಮೂರು ವಾರಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಆತನ ವಿರುದ್ಧ ಸಾಕಷ್ಟು ಸಾಕ್ಷ್ಯವಿಲ್ಲವೆಂದು ತನಿಖಾ ಸಂಸ್ಥೆಯೇ 2022ರ ಮೇ ತಿಂಗಳಲ್ಲಿ ಹೇಳಿತು. ಇವರೆಲ್ಲರಿಗೆ ಹೆಸರಾಂತ ವಕೀಲರಿದ್ದರು. ವಕೀಲರ ಶುಲ್ಕಕ್ಕೆ ಹೊಲ ಅಡವಿಡಬೇಕಾದ ಕುಟುಂಬದವರ ಗತಿ ಏನಾಗುತ್ತದೆಂದು ಹೇಳಲು ಯಾವ ವಾಹಿನಿಯೂ ಬರುವುದಿಲ್ಲ.

'ಕೆಲವು ಅಮಾಯಕರಿಗೆ ಕಷ್ಟವಾಗಬಹುದು, ಆದರೆ ಸಮಾಜದ ಸುರಕ್ಷತೆ ಮುಖ್ಯವಲ್ಲವೇ?' ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹಾಗಾದರೆ ಸುರಕ್ಷತೆಯಾದರೂ ದಕ್ಕಿದೆಯೇ? 2022ರಲ್ಲಿ ಈ ಕಾಯ್ದೆಯಡಿ ದೇಶದಲ್ಲಿ ದಾಖಲಾದ ಪ್ರಕರಣಗಳ ಸಂಖ್ಯೆ ಒಂದು ಲಕ್ಷ ಮೀರಿತು. ಸಂಖ್ಯೆ ದೊಡ್ಡದು ನಿಜ. ಆದರೆ ಬಲೆಗೆ ಬೀಳುತ್ತಿರುವ ಮೀನು ಯಾವುದು ಎಂಬುದು ಮುಖ್ಯ. ಮುಂಬೈಯ ನ್ಯಾಯಾಲಯಗಳ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಲ್ಲಿ ಶಿಕ್ಷೆಯಾದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸ್ವಂತ ಸೇವನೆಗೆ ಸಂಬಂಧಿಸಿದವು. ದಂಡ ಕಟ್ಟಿ ಹೊರಬಂದರೆ ಸಾಕೆಂದು ಆರೋಪಿಗಳು ತಪ್ಪೊಪ್ಪಿಕೊಂಡಿದ್ದರು. ಅಲ್ಲಿಗೆ ಒಂದು ಪ್ರಕರಣ 'ಇತ್ಯರ್ಥ'ವಾಯಿತು. ಪೊಲೀಸ್ ಠಾಣೆಯ ಲೆಕ್ಕವೂ ಬೆಳೆಯಿತು. ಆ ಯುವಕನ ಹೆಸರಿನ ಮುಂದೆ ಕ್ರಿಮಿನಲ್ ದಾಖಲೆ ಉಳಿಯಿತು. ಅವನಿಗೆ ಗಾಂಜಾ ಮಾರಿದವನು ಅದೇ ಗಲ್ಲಿಯಲ್ಲಿ ಉಳಿದ.

ದೊಡ್ಡ ಮೀನುಗಳ ವಿಷಯದಲ್ಲಿ ನಮ್ಮ ವ್ಯವಸ್ಥೆಗೆ ಇರುವ ಆಸಕ್ತಿ ಎಷ್ಟೆಂಬುದಕ್ಕೆ ಒಂದು ಪ್ರಸಂಗ ಸಾಕು. ಮಾದಕ ವಸ್ತುಗಳ ದಂಧೆಗೆ ಹಣ ಹೂಡುವವರನ್ನು, ದಂಧೆಕೋರರಿಗೆ ಆಶ್ರಯ ಕೊಡುವವರನ್ನು ಶಿಕ್ಷಿಸಲೆಂದೇ 27–ಎ ಎಂಬ ಸೆಕ್ಷನ್ ಇದೆ. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತರುವಾಗ 'ಅಕ್ರಮ ಸಾಗಣೆ'ಯ ವ್ಯಾಖ್ಯೆಯ ಉಪಖಂಡಕ್ಕೆ ಹೊಸ ಕ್ರಮಾಂಕ ಕೊಡಲಾಯಿತು, ಆದರೆ 27–ಎಯಲ್ಲಿ ಹಳೆಯ ಕ್ರಮಾಂಕವೇ ಉಳಿಯಿತು. ಅಂದರೆ ಅತಿದೊಡ್ಡ ಅಪರಾಧಿಗಳಿಗಾಗಿ ಇದ್ದ ಸೆಕ್ಷನ್ ಸಂಬಂಧವೇ ಇಲ್ಲದ ಇನ್ನೊಂದು ಖಂಡದತ್ತ ಬೆರಳು ತೋರುತ್ತ ಅರ್ಥಹೀನವಾಗಿ ಕುಳಿತಿತ್ತು. ಆರೋಪಿಯೊಬ್ಬ ಇದನ್ನೇ ಮುಂದಿಟ್ಟು ವಾದಿಸಿದಾಗ, 2021ರಲ್ಲಿ ತ್ರಿಪುರಾ ಹೈಕೋರ್ಟ್ ಕೇಂದ್ರದ ಗಮನ ಸೆಳೆಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ತಿದ್ದುಪಡಿ ಕಾಯ್ದೆ ಬಂದವು. ಏಳು ವರ್ಷ ಈ ದೋಷ ಸರಿಯಾಗದೆ ಉಳಿಯಿತು. ದಂಧೆಯ ಬಂಡವಾಳಗಾರರ ಮೇಲೆ ಮೊಕದ್ದಮೆ ಹೂಡುವುದು ದಿನನಿತ್ಯದ ಕೆಲಸವಾಗಿದ್ದರೆ ಇಂಥದ್ದು ಏಳು ತಿಂಗಳಾದರೂ ಮರೆಯಲ್ಲಿರುತ್ತಿತ್ತೇ?

ಶಿಕ್ಷೆ ಕಠಿಣವಾದಷ್ಟೂ ಅಪರಾಧ ಕಡಿಮೆಯಾಗುತ್ತದೆ ಎಂಬ ನಂಬಿಕೆಯನ್ನು ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಪ್ರಶ್ನಿಸಿದ್ದ. ಅಪರಾಧಿಯನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದರ ಖಚಿತತೆ ಎಂಬುದು ಅವನ ವಾದ. ನಮ್ಮ ಕಾಯ್ದೆಯ ಅನುಭವ ಇದನ್ನು ಇನ್ನೊಂದು ರೀತಿಯಲ್ಲಿ ದೃಢಪಡಿಸುತ್ತದೆ. ಶಿಕ್ಷೆ ಭಾರಿಯಾಗಿರುವಾಗ ನ್ಯಾಯಾಲಯಗಳು ಕಾರ್ಯವಿಧಾನದ ಪ್ರತಿ ಹೆಜ್ಜೆಯನ್ನೂ ಕಟ್ಟುನಿಟ್ಟಾಗಿ ನೋಡುತ್ತವೆ; ನೋಡಲೇಬೇಕು. ಮೈ ತಪಾಸಣೆಗೆ ಮುನ್ನ, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧಕ್ಕೊಳಗಾಗುವ ಹಕ್ಕಿದೆ ಎಂದು ಆರೋಪಿಗೆ ತಿಳಿಸುವುದು ಕಡ್ಡಾಯ ಎಂದು 1999ರಲ್ಲಿ ಸಂವಿಧಾನ ಪೀಠ ಹೇಳಿತು. ಈ ಕಾಯ್ದೆಯ ಅಧಿಕಾರಿಗಳ ಮುಂದೆ ನೀಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಹಜರು ಸರಿಯಿಲ್ಲದಿದ್ದರೆ, ಮಾದರಿಯ ಮೊಹರು ಒಡೆದಿದ್ದರೆ ಪ್ರಕರಣ ಬಿದ್ದುಹೋಗುತ್ತದೆ. ಇಂಥ ಲೋಪಗಳನ್ನು ಹುಡುಕಿ ತೋರಿಸಬಲ್ಲ ವಕೀಲರನ್ನು ನೇಮಿಸಿಕೊಳ್ಳುವವನು ದಂಧೆಯ ಯಜಮಾನನೇ ಹೊರತು ಚೀಲ ಹೊತ್ತ ಕೂಲಿಯಲ್ಲ. ಶಿಕ್ಷೆಯ ಅವಧಿಯನ್ನು ಇಪ್ಪತ್ತರಿಂದ ಮೂವತ್ತಕ್ಕೆ ಏರಿಸಿದರೆ ತನಿಖೆಯ ಗುಣಮಟ್ಟ ಏರುವುದಿಲ್ಲ.

ಕಠಿಣ ಕಾನೂನಿಗೆ ನಾವು ತೆತ್ತ ಇನ್ನೊಂದು ಬೆಲೆ ಆಸ್ಪತ್ರೆಗಳ ವಾರ್ಡುಗಳಲ್ಲಿದೆ. ಕ್ಯಾನ್ಸರ್‌ನ ಕೊನೆಯ ಹಂತದ ನೋವಿಗೆ ಮಾರ್ಫಿನ್ ಅಗ್ಗದ, ಪರಿಣಾಮಕಾರಿ ಔಷಧ. ಅದನ್ನು ತಯಾರಿಸುವ ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ರಫ್ತು ಮಾಡುವ ದೇಶ ನಮ್ಮದು. ಆದರೆ 1985ರ ನಂತರ ಪ್ರತಿ ರಾಜ್ಯದಲ್ಲೂ ಹಲವು ಪರವಾನಗಿಗಳ ಅಗತ್ಯ ಎದುರಾಗಿ, ಲೆಕ್ಕದಲ್ಲಿ ಸಣ್ಣ ತಪ್ಪಾದರೂ ಜೈಲಿನ ಭಯ ಹುಟ್ಟಿ, ಔಷಧಾಲಯಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಹತ್ತರಲ್ಲಿ ಒಂದು ಪಾಲಿಗಿಂತ ಕೆಳಕ್ಕೆ ಇಳಿಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂತಹ ವೈದ್ಯರು ದಶಕಗಳ ಕಾಲ ಹೋರಾಡಿದ ಮೇಲೆ 2014ರ ತಿದ್ದುಪಡಿಯಲ್ಲಿ 'ಅತ್ಯಗತ್ಯ ಮಾದಕ ಔಷಧ' ಎಂಬ ವರ್ಗ ಸೃಷ್ಟಿಯಾಗಿ ಪರವಾನಗಿ ಸರಳವಾಯಿತು. ಕಳ್ಳಸಾಗಣೆದಾರನನ್ನು ಹೆದರಿಸಲು ಬೀಸಿದ ಬೆತ್ತ ನೋವಿನಿಂದ ನರಳುವ ರೋಗಿಯ ಮೇಲೆ ಬಿದ್ದಿತ್ತು. ಮರಣದಂಡನೆಯನ್ನು ಕಡ್ಡಾಯಗೊಳಿಸಿದ್ದ ನಿಯಮವನ್ನು ಬಾಂಬೆ ಹೈಕೋರ್ಟ್ 2011ರಲ್ಲಿ ಒಪ್ಪದೆ ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. 2014ರ ತಿದ್ದುಪಡಿ ಅದಕ್ಕೂ ಮನ್ನಣೆ ನೀಡಿತು.

ಹಾಗಾದರೆ ಎಲ್ಲವನ್ನೂ ಮುಕ್ತಗೊಳಿಸಬೇಕೇ? ಖಂಡಿತ ಅಲ್ಲ. ಹೆರಾಯಿನ್ ಮತ್ತು ರಾಸಾಯನಿಕ ಅಮಲು ಪದಾರ್ಥಗಳು ಪಂಜಾಬಿನ ಹಳ್ಳಿಗಳಲ್ಲಿ, ಈಶಾನ್ಯ ರಾಜ್ಯಗಳಲ್ಲಿ ತಂದಿಟ್ಟ ದುರಂತ ಕಣ್ಣಮುಂದಿದೆ. ಅಮೆರಿಕದ ಒರೆಗಾನ್ ರಾಜ್ಯ ಇಲ್ಲಿ ಎಚ್ಚರಿಕೆಯ ಪಾಠ. ಸ್ವಂತ ಬಳಕೆಗಾಗಿ ಯಾವುದೇ ಮಾದಕ ವಸ್ತುವನ್ನು ಅಲ್ಪ ಪ್ರಮಾಣದಲ್ಲಿ ಹೊಂದುವುದನ್ನು ಅದು 2021ರ ಫೆಬ್ರುವರಿಯಿಂದ ಕ್ರಿಮಿನಲ್ ಅಪರಾಧಗಳ ಪಟ್ಟಿಯಿಂದ ತೆಗೆಯಿತು. ಆದರೆ ಚಿಕಿತ್ಸಾ ಕೇಂದ್ರಗಳಿಗೆ ಹಣ ತಲುಪುವುದು ತಡವಾಯಿತು. ಬೀದಿಗಳಲ್ಲಿ ಬಹಿರಂಗ ಸೇವನೆ ಜನರ ಸಹನೆ ಕೆಡಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಆ ರಾಜ್ಯ ಹಿಂದಕ್ಕೆ ಸರಿಯಿತು. ಪೋರ್ಚುಗಲ್ 2001ರಲ್ಲಿ ಇಂಥದೇ ಹೆಜ್ಜೆ ಇಟ್ಟಾಗ ದಾರಿ ಬೇರೆಯಾಗಿತ್ತು. ಹತ್ತು ದಿನಗಳ ಬಳಕೆಗೆ ಸಾಲುವಷ್ಟನ್ನು ಇಟ್ಟುಕೊಂಡವನು ಅಲ್ಲಿ ಜೈಲಿಗೆ ಹೋಗುವುದಿಲ್ಲ. ಕಾನೂನು, ಆರೋಗ್ಯ, ಸಮಾಜಸೇವೆಯ ಪರಿಣತರಿರುವ ಆಯೋಗದ ಮುಂದೆ ಹಾಜರಾಗಬೇಕು. ವ್ಯಸನಿಯಾಗಿದ್ದರೆ ಚಿಕಿತ್ಸೆಗೆ ದಾರಿ ತೋರುತ್ತಾರೆ. ಮಾರುವವನಿಗೆ ಶಿಕ್ಷೆ ಹಾಗೆಯೇ ಉಳಿದಿದೆ. ಚುಚ್ಚುಮದ್ದಿನ ಮೂಲಕ ಎಚ್‌ಐವಿ ಹರಡುವುದು ಅಲ್ಲಿ ತೀವ್ರವಾಗಿ ಇಳಿಯಿತು. ಶಿಕ್ಷೆಯನ್ನು ತೆಗೆದುಹಾಕುವುದು ಅರ್ಧ ಕೆಲಸ, ಅದರ ಜಾಗದಲ್ಲಿ ಚಿಕಿತ್ಸೆಯನ್ನು ನಿಲ್ಲಿಸುವುದು ಉಳಿದರ್ಧ ಎಂಬುದನ್ನು ಈ ಎರಡು ಉದಾಹರಣೆಗಳು ಹೇಳುತ್ತವೆ.

ನಮಗೆ ಇದಕ್ಕಾಗಿ ಹೊರದೇಶದ ಮಾದರಿಯೂ ಬೇಕಿಲ್ಲ. ನಮ್ಮ ಕಾಯ್ದೆಯಲ್ಲೇ 64–ಎ ಎಂಬ ಸೆಕ್ಷನ್ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಆಸ್ಪತ್ರೆ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದು ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯುತ್ತಾನೆ. ತಪ್ಪಿತಸ್ಥನೆಂದು ತೀರ್ಮಾನವಾದ ವ್ಯಸನಿಯನ್ನು ಸಜೆಯ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು 39ನೇ ಸೆಕ್ಷನ್ ನ್ಯಾಯಾಲಯಕ್ಕೆ ಕೊಟ್ಟಿದೆ. ಇದರ ಜೊತೆಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೆ ತಂದು, ಚಿಕಿತ್ಸೆಯನ್ನು ಹಕ್ಕೆಂದು ಘೋಷಿಸಿದೆ. ಒಂದು ಕಾಯ್ದೆ ರೋಗಿ ಎಂದವನನ್ನು ಇನ್ನೊಂದು ಕಾಯ್ದೆ ಅಪರಾಧಿ ಎನ್ನುತ್ತದೆ. ಪೊಲೀಸರ ಕೈಯಲ್ಲಿರುವುದು ಎರಡನೆಯದು.

ಈ ಇಬ್ಬಂದಿತನದ ಫಲವನ್ನು ಅಂಕಿಅಂಶಗಳೇ ಹೇಳುತ್ತವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಅಫೀಮು ಮೂಲದ ಪದಾರ್ಥಗಳ ಸಮಸ್ಯೆಗೆ ನೆರವು ಬೇಕಾದವರು ಸುಮಾರು 77 ಲಕ್ಷ. ಅಕ್ರಮ ಮಾದಕ ವಸ್ತುಗಳಿಗೆ ದಾಸರಾದವರ ಪೈಕಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವರು ಇಪ್ಪತ್ತರಲ್ಲಿ ಒಬ್ಬರು ಮಾತ್ರ. ಉಳಿದ ಹತ್ತೊಂಬತ್ತು ಮಂದಿ ಎಲ್ಲಿದ್ದಾರೆ? ಮಗನ ಕಣ್ಣು ಕೆಂಪಗಾಗಿರುವುದನ್ನು, ಮನೆಯ ಒಡವೆ ಕಾಣೆಯಾಗುತ್ತಿರುವುದನ್ನು ಕಂಡ ತಾಯಿ ಯಾರಿಗೆ ಹೇಳಿಕೊಳ್ಳಬೇಕು? ವೈದ್ಯರ ಬಳಿ ಹೋದರೆ ಪೊಲೀಸರಿಗೆ ತಿಳಿಯುತ್ತದೆಯೇ, ಕಾಲೇಜಿನಿಂದ ಹೊರಹಾಕುತ್ತಾರೆಯೇ, ಮುಂದೆ ಪಾಸ್‌ಪೋರ್ಟ್ ಸಿಗುತ್ತದೆಯೇ ಎಂಬ ಲೆಕ್ಕಾಚಾರದಲ್ಲಿ ಚಿಕಿತ್ಸೆ ಫಲಿಸಬಹುದಾದ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ. ಮನೆಯ ಗುಟ್ಟು ಕೊನೆಗೆ ರಟ್ಟಾಗುವುದು ಠಾಣೆಯಲ್ಲೋ ಶವಾಗಾರದಲ್ಲೋ. ಕಠಿಣ ಕಾನೂನು ಬೇಕೆಂದು ಒತ್ತಾಯಿಸುವ ಪೋಷಕರು ಆ ಕಾನೂನು ತಮ್ಮದೇ ಮನೆಯ ಬಾಗಿಲು ತಟ್ಟುವ ಸಾಧ್ಯತೆಯನ್ನು ಒಮ್ಮೆ ಯೋಚಿಸಬೇಕು.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಸ್ವಂತ ಸೇವನೆಯನ್ನು ಜೈಲುಶಿಕ್ಷೆಯಿಂದ ಹೊರತಂದು ಚಿಕಿತ್ಸೆಗೆ ಒಪ್ಪಿಸುವ ಸಲಹೆಯನ್ನು ಸಾಮಾಜಿಕ ನ್ಯಾಯ ಸಚಿವಾಲಯವೇ 2021ರಲ್ಲಿ ಮುಂದಿಟ್ಟಿದ್ದಾಗಿ ವರದಿಯಾಗಿತ್ತು. ಸಂಸತ್ತು ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಶಿಕ್ಷೆ ನಿರ್ಧರಿಸುವಾಗ ತೂಕದಷ್ಟೇ ಮಹತ್ವ ಆರೋಪಿಯ ಪಾತ್ರಕ್ಕೂ ಸಿಗಬೇಕು. ಹೊತ್ತವನಿಗೂ ಹೊರಿಸಿದವನಿಗೂ ನಡುವಿನ ಅಂತರವನ್ನು ಕಾನೂನು ಗುರುತಿಸಬೇಕು. ತನಿಖಾ ಸಂಸ್ಥೆಗಳ ಸಾಧನೆಯನ್ನು ಪ್ರಕರಣಗಳ ಎಣಿಕೆಯಿಂದಲ್ಲ, ಹಣದ ಜಾಡು ಹಿಡಿದು ಎಷ್ಟು ಜಾಲಗಳ ಮೂಲ ತಲುಪಿದರು ಎಂಬುದರಿಂದ ಅಳೆಯಬೇಕು. ಪ್ರಯೋಗಾಲಯಗಳಿಗೆ, ವಿಶೇಷ ನ್ಯಾಯಾಲಯಗಳಿಗೆ ಸಿಬ್ಬಂದಿ ಒದಗಿಸಿದರೆ ದೊಡ್ಡ ಪ್ರಕರಣಗಳ ವಿಚಾರಣೆ ಬೇಗ ಮುಗಿದು ಶಿಕ್ಷೆಯ ಖಚಿತತೆ ತಾನಾಗಿ ಹೆಚ್ಚುತ್ತದೆ.

ಸಂಸತ್ತಿಗೆ ಕಾಯದೆ ರಾಜ್ಯ ಸರ್ಕಾರವೂ ಕೆಲವನ್ನು ಮಾಡಬಹುದು. ಅಲ್ಪ ಪ್ರಮಾಣದೊಂದಿಗೆ ಸಿಕ್ಕ ಪ್ರತಿಯೊಬ್ಬನಿಗೂ 64–ಎ ಸೆಕ್ಷನ್ನಿನ ಅವಕಾಶವನ್ನು ಕನ್ನಡದಲ್ಲಿ ಓದಿ ಹೇಳುವಂತೆ ಠಾಣೆಗಳಿಗೆ ಸುತ್ತೋಲೆ ಹೊರಡಿಸಲು ಹಣ ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪರಿಣತ ಕೇಂದ್ರವಿದೆ. ಆದರೆ ಬೀದರ್ ಅಥವಾ ಚಾಮರಾಜನಗರದ ಕುಟುಂಬ ಅಲ್ಲಿಗೆ ಬಂದು ವಾರಗಟ್ಟಲೆ ಉಳಿಯಲಾರದು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಅಂಥ ವಿಭಾಗ ನಿಜಕ್ಕೂ ಕೆಲಸ ಮಾಡುವಂತಾಗಬೇಕು. ವ್ಯಸನಿ ವಿದ್ಯಾರ್ಥಿಯನ್ನು ಹೊರಹಾಕುವ ಬದಲು ಚಿಕಿತ್ಸೆಗೆ ಕಳಿಸಿ ಮರಳಿ ಸೇರಿಸಿಕೊಳ್ಳುವ ನಿಯಮ ಕಾಲೇಜುಗಳಲ್ಲಿ ಬರಬೇಕು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಎಂಬುದು ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲೂ ಇರಬೇಕು. ಮುಂದಿನ ಬಾರಿ ಶಾಸನಸಭೆಯಲ್ಲಿ ಮಾದಕ ವಸ್ತುಗಳ ಚರ್ಚೆಯಾದಾಗ ನಮ್ಮ ಪ್ರತಿನಿಧಿಗಳು ಎಷ್ಟು ಮಂದಿಯನ್ನು ಬಂಧಿಸಿದಿರಿ ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ಮಂದಿ ಚಿಕಿತ್ಸೆ ಪಡೆದು ಮನೆಗೆ ಮರಳಿದರು, ಹಣ ಹೂಡಿದವರಲ್ಲಿ ಎಷ್ಟು ಮಂದಿಗೆ ಶಿಕ್ಷೆಯಾಯಿತು ಎಂದೂ ಕೇಳಲಿ. ಆ ಎರಡು ಅಂಕಿಗಳನ್ನು ಜಿಲ್ಲಾವಾರು, ವರ್ಷಕ್ಕೊಮ್ಮೆ ಪ್ರಕಟಿಸುವ ಪರಿಪಾಠ ಆರಂಭವಾದರೆ ಪೋಷಕರ ಆತಂಕಕ್ಕೆ ಅದೇ ಮೊದಲ ಉತ್ತರವಾಗುತ್ತದೆ.